ಫೇಲಾದ ಬೋರ್‌ಗೆ ಪೈಪ್ ಇಳಿಸಿ ಮನೆ ತಂಪು ಮಾಡಬಹುದಾ?

ಬಿಸಿಲನಾಡು
ಕಲಬುರಗಿಯಾಗ 30×40 ಸೈಟು, ಮನಿ ಇನ್ನೂ ಪಾಯಾ ಹಂತದಾಗ ಅದ. ಹಿತ್ತಲದಾಗ 400 ಅಡಿ ಬೋರ್, ಆರೂವರೆ ಇಂಚಿಂದು, ಹನಿ ನೀರಿಲ್ಲ. ಅದರಾಗ ಪೈಪಿನ ಲೂಪ್ ಇಳಿಸಿ, ಎಸಿಯ ಬಿಸಿ ನೆಲಕ್ಕ ಬಿಡ್ಲಿಕ್ಕೆ ಬರ್ತದೇನ್ರಿ? ಇಲ್ಲಾ ನೆಲದಾಗ ಗಾಳಿ ಪೈಪ್ ಹೂಳಿದ್ರ ಸಾಕಾ?

ಕೊರೆತ_ಶಿವು
ಆಗುತ್ತೆ. ಕೊರೆಯೋ ಖರ್ಚೇ ಇದರಲ್ಲಿ ದೊಡ್ಡದು, ಅದು ನಿಮಗೆ ಉಳೀತು. 40 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ತಗೊಳ್ಳಿ, ದರ್ಜೆ ಪಿಇ100, ಎಸ್‌ಡಿಆರ್ 11 (ಪೈಪಿನ ಹೊರ ವ್ಯಾಸ ಗೋಡೆ ದಪ್ಪದ 11 ಪಟ್ಟು). ತಳದ ಯು-ಬೆಂಡ್ ಕಾರ್ಖಾನೆಯಲ್ಲೇ ಬೆಸುಗೆಯಾಗಿ ಬಂದಿರಬೇಕು. ಸೈಟಲ್ಲಿ ಹಾಕಿದ ಜಾಯಿಂಟ್ 120 ಮೀಟರ್ ಆಳದಲ್ಲಿ ಸೋರಿತೋ, ನಿಮ್ಮ ಬೋರ್ ಎರಡನೇ ಸಲ ಫೇಲ್. ಪೈಪಿಗೆ ನೀರು ತುಂಬಿ, ಒತ್ತಡ ಕೊಟ್ಟು ನೋಡಿ, ನೀರಿರುವಾಗಲೇ ಇಳಿಸಿ. ಖಾಲಿ ಪೈಪ್ ಇಳಿಸಿದರೆ ಗ್ರೌಟಿನ (ಸುತ್ತ ತುಂಬೋ ಗಟ್ಟಿಯಾಗುವ ಗಾರೆಯ) ಭಾರಕ್ಕೆ ತಳದಲ್ಲಿ ಚಪ್ಪಟೆಯಾಗುತ್ತೆ.

ಪೈಪಿಗೂ ಕಲ್ಲಿಗೂ ನಡುವೆ ಗಾಳಿ ಉಳಿದರೆ ಬಿಸಿ ದಾಟಲ್ಲ. ಹಾಗಾಗಿ ಪೂರ್ತಿ ಗ್ರೌಟ್ ಬೇಕು, ಸುಮಾರು 2.3 ಘನ ಮೀಟರ್. ಬೆಂಟೊನೈಟ್ (ನೀರು ಹೀರಿ ಉಬ್ಬೋ ಜೇಡಿ) ಜೊತೆ ಸಿಲಿಕಾ ಮರಳು ಸೇರಿಸಿ. ಮೇಲಿಂದ ಸುರಿಯಬೇಡಿ, ಮಧ್ಯೆ ಕಟ್ಟಿಕೊಂಡು ಪೊಳ್ಳಾಗುತ್ತೆ. ಇನ್ನೊಂದು ಪೈಪ್ ತಳದವರೆಗೆ ಬಿಟ್ಟು, ಕೆಳಗಿಂದ ತುಂಬುತ್ತಾ ಅದನ್ನ ಮೇಲೆತ್ತಿ.

ಟನ್_ಲೆಕ್ಕ
ಶಿವು ಅವರೇ, ಒಣ ಬೋರ್‌ಗೆ ಬೆಂಟೊನೈಟ್ ಯಾಕೆ? ತೇವ ಆರಿದ ಕೂಡಲೇ ಕುಗ್ಗಿ ಪೈಪಿಂದ ಬಿಟ್ಟುಕೊಳ್ಳುತ್ತೆ. ಅಲ್ಲಿಗೆ ಸಿಮೆಂಟ್ ಮತ್ತು ಸಿಲಿಕಾ ಮರಳಿನ ಗ್ರೌಟೇ ಸರಿ.

ಈಗ ಅಸಲು ಮಾತು. ಕಲಬುರಗಿ ಊರಿನ ಕೆಳಗಿರೋದು ಬಸಾಲ್ಟ್, ಬಿಸಿ ಸಾಗಿಸೋದರಲ್ಲಿ ಗ್ರಾನೈಟಿಗಿಂತ ಮಂದ. ಬೋರಿನ ಒಂದು ಮೀಟರ್ 40 ವ್ಯಾಟ್ ಬಿಸಿ ಹೀರುತ್ತೆ ಅಂತ ಹಿಡಿದರೂ 122 ಮೀಟರಿಗೆ 4.9 ಕಿಲೋವ್ಯಾಟ್. ಒಂದು ಟನ್ ಎಸಿ 3.5 ಕಿಲೋವ್ಯಾಟ್ ಬಿಸಿ ಎಳೆದು, ಕಂಪ್ರೆಸರಿನದ್ದೂ ಸೇರಿಸಿ 4.3ರಷ್ಟು ಹೊರಗೆ ಹಾಕುತ್ತೆ. ಅಂದರೆ ಇಡೀ ಬೋರ್‌ಗೆ ಒಂದು ಬೆಡ್‌ರೂಮ್.

ಉಳಿತಾಯ ಎಷ್ಟು? ಹೊರಗೆ 42 ಡಿಗ್ರಿ ಇದ್ದಾಗ ಮಾಮೂಲಿ ಇನ್ವರ್ಟರ್ ಎಸಿ ಸುಮಾರು 1.15 ಕಿಲೋವ್ಯಾಟ್ ಎಳೆಯುತ್ತೆ ಅನ್ನಿ. ನೆಲದ ಲೂಪಿನದು ಪಂಪೂ ಸೇರಿ 0.9. ದಿನಕ್ಕೆ 8 ಗಂಟೆ, 100 ದಿನಕ್ಕೆ 200 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 1,400. ಬೋರ್ ಪುಕ್ಕಟೆ ಸಿಕ್ಕರೂ ಪೈಪ್, ಗ್ರೌಟ್, ವಾಟರ್ ಸೋರ್ಸ್ ಯೂನಿಟ್‌ನ (ಬಿಸಿಯನ್ನ ಗಾಳಿಗೆ ಬದಲು ಲೂಪಿನ ನೀರಿಗೆ ಬಿಡೋ ಎಸಿಯ) ದುಡ್ಡು ಇದರಿಂದ ಹುಟ್ಟಲ್ಲ.

ಸ್ಟಾಕ್‌ಹೋಮ್_ಕನ್ನಡಿಗ
ಹಾಗಂತ ಪದ್ಧತಿಯನ್ನೇ ದೂರಬೇಡಿ. ಸ್ವೀಡನ್ನಿನಲ್ಲಿ ಮನೆಗೊಂದು ಬೋರ್ ಕೊರೆಸಿ ಹೀಟ್ ಪಂಪ್ (ನೆಲದ ಬಿಸಿ ಎಳೆದು ಮನೆಗೆ ಕೊಡೋ ಯಂತ್ರ) ಕೂರಿಸೋದು ಮಾಮೂಲು. 10 ಕಿಲೋವ್ಯಾಟ್ ಕಾವಿನಲ್ಲಿ 7.5ರಷ್ಟು ನೆಲದಿಂದ ಬರುತ್ತೆ, 200 ಮೀಟರ್ ಗ್ರಾನೈಟ್ ಸಾಕು. ಲೂಪಲ್ಲಿ ಹೆಪ್ಪುಗಟ್ಟದಂತೆ ನೀರಿಗೆ ಎಥನಾಲ್ ಬೆರೆಸುತ್ತಾರೆ. ಬೇಸಿಗೆಯಲ್ಲಿ ಕಂಪ್ರೆಸರ್ ನಿಲ್ಲಿಸಿ ಆ ತಣ್ಣೀರನ್ನೇ ಮನೆಯಲ್ಲಿ ಸುತ್ತಿಸಿದರೆ ಮನೆ ತಂಪು, ಚಳಿಗಾಲದಲ್ಲಿ ಕಳಕೊಂಡ ಬಿಸಿಯೂ ಬಂಡೆಗೆ ವಾಪಸ್.

ಟನ್_ಲೆಕ್ಕ
ಅದೇ ನೋಡಿ ವ್ಯತ್ಯಾಸ. ಅಲ್ಲಿನ ಬಂಡೆ 7–8 ಡಿಗ್ರಿ. ಕಲಬುರಗಿಯದು 28ರ ಆಸುಪಾಸು, ಆ ನೀರು ಸುತ್ತಿಸಿದರೆ ಯಾರಿಗೆ ತಂಪು? ಮೇಲಾಗಿ ಇಲ್ಲಿ ನೆಲಕ್ಕೆ ಬಿಸಿ ಹಾಕೋದಷ್ಟೇ, ವಾಪಸ್ ತೆಗೆಯೋರು ಯಾರು? ಸ್ನಾನದ ನೀರಿಗೆ ಬಳಸ್ತೀವಿ ಅಂದರೂ 200 ಲೀಟರನ್ನ 26ರಿಂದ 50 ಡಿಗ್ರಿಗೆ ಏರಿಸೋಕೆ ಬೇಕಾದ್ದು 5.6 ಯೂನಿಟ್. ಈ ಎಸಿ 8 ಗಂಟೆಯಲ್ಲಿ ಹೊರಹಾಕೋದು 34. ಅಲ್ಲದೆ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಿಸಿನೀರು ಕೇಳೋರು ಯಾರು ಸ್ವಾಮಿ!

ಕೊರೆತ_ಶಿವು
ಗ್ರೌಟಿನ ಮಾತು ಒಪ್ಪಿದೆ. ಆದರೆ ನೆಲ ಬಿಸಿಯೇರೋ ಭಯ ಸಾಲಾಗಿ ಹತ್ತಿಪ್ಪತ್ತು ಬೋರ್ ಹಾಕೋ ಅಪಾರ್ಟ್‌ಮೆಂಟಿಗೆ. ಒಂಟಿ ಬೋರ್ ಸುತ್ತ ಉಳಿದ ಎಂಟೊಂಬತ್ತು ತಿಂಗಳಲ್ಲಿ ಬಿಸಿ ಬಹುಪಾಲು ಹರಡಿಹೋಗುತ್ತೆ. ದುಡ್ಡಿನ ಲೆಕ್ಕಕ್ಕೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ.

ಹೆಂಚಿನ_ಮನೆ
ಗಾಳಿ ಪೈಪ್ ಯಾಕೆ ಬಿಟ್ರಿ? 3 ಮೀಟರ್ ಆಳ, 30 ಮೀಟರ್ ಉದ್ದ, ಒಂದು ಸಣ್ಣ ಫ್ಯಾನ್. ಕಂಪ್ರೆಸರೇ ಬೇಡ.

ಟನ್_ಲೆಕ್ಕ
110 ಮಿ.ಮೀ. ಪೈಪಲ್ಲಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಗಾಳಿ ಬಿಟ್ಟು 40ರಿಂದ 30ಕ್ಕೆ ಇಳಿಸಿದರೆ ಸಿಗೋದು 290 ವ್ಯಾಟ್. ಒಂದು ಟನ್ನಿಗೆ ಅಂಥ ಹನ್ನೆರಡು ಪೈಪ್. 30×40ರಲ್ಲಿ ಎಲ್ಲಿ ಹೂಳ್ತೀರಿ? ಎರೆಮಣ್ಣಂತೂ ಬೇಸಿಗೆಯಲ್ಲಿ ಬಿರಿದು ಪೈಪಿಂದ ದೂರ ಸರಿಯುತ್ತೆ, ಮಳೆಗಾಲದಲ್ಲಿ ಉಬ್ಬಿ ಜಾಯಿಂಟ್ ಎಳೆಯುತ್ತೆ. ಹೂಳೋದೇ ಆದರೆ ಸುತ್ತ ಮರಳು ತುಂಬಿ, ನೂರಕ್ಕೆ ಎರಡರ ಇಳಿಜಾರು ಕೊಟ್ಟು, ಕೊನೆಗೆ ನೀರಿಳಿಯೋ ಗುಂಡಿ ಮಾಡಿ, ಬಾಯಿಗೆ ಜಾಲರಿ ಹಾಕಿ. ಅದು ಹೊಸ ಗಾಳಿಯ ದಾರಿಯಾಗುತ್ತೆ, ಎಸಿ ಆಗಲ್ಲ.

ಬಿಸಿಲನಾಡು
ಹಂಗಾದ್ರ ಏನು ಮಾಡ್ಲಿ?

ಟನ್_ಲೆಕ್ಕ
ಏಪ್ರಿಲ್‌ನಲ್ಲಿ 40 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಒಳ್ಳೇ ಪ್ಯಾಡಿನ ಕೂಲರ್ 26ರ ಗಾಳಿ ಕೊಡುತ್ತೆ, ನಿಮ್ಮ ನೆಲಕ್ಕಿಂತ ತಂಪು. ಮೊದಲು ತಾರಸಿಗೆ ಬಿಳಿ ಬಳಿಯಿರಿ, ಪಶ್ಚಿಮದ ಗೋಡೆಗೆ ನೆರಳು ಮಾಡಿ.

ಕೊರೆತ_ಶಿವು
ಅದಕ್ಕೂ ಮೊದಲು ಇವತ್ತೇ ಆ ಬೋರಿನ ಬಾಯಿ ಮುಚ್ಚಿಸಿ. ಕೇಸಿಂಗ್ ಮೇಲೆ ಬೋಲ್ಟ್ ಹಾಕಿದ ಕಬ್ಬಿಣದ ಮುಚ್ಚಳ, ಸುತ್ತ ಕಾಂಕ್ರೀಟ್. ಕಟ್ಟಡದ ಕೆಲಸ ನಡೆಯೋ ಕಡೆ ಮಕ್ಕಳು ಓಡಾಡ್ತಿರ್ತಾರೆ.