ತತ್ತಿಯನ್ನೂ ತಿನ್ನದ ಮನೆಯ ಹುಡುಗನಿಗೆ ಲಾಡಿಹುಳದ ಫಿಟ್ಸ್ ಹೇಗೆ ಬಂತು?

ಪ್ರಶ್ನೆ (ಬೆಳಗಾವಿ): ಡಾಕ್ಟ್ರೇ, ನಮಸ್ಕಾರ. ನನ್ನ ಮಗನಿಗೆ 11 ವರ್ಷ. ಹೋದ ತಿಂಗಳು ಶಾಲೆಯಲ್ಲಿ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ಸಣ್ಣ ಗಂಟು. ಹಂದಿಯ ಲಾಡಿಹುಳದಿಂದ ಆಗಿದ್ದು ಅಂದರು. ನಮ್ಮ ಮನೆಯಲ್ಲಿ ತತ್ತಿಯನ್ನೂ ತಿನ್ನುವುದಿಲ್ಲ. "ಹೊರಗೆ ಏನು ತಿನ್ನಿಸಿದಿ?" ಅಂತ ಅತ್ತೆಯವರು ದಿನಾ ನನ್ನನ್ನೇ ಕೇಳುತ್ತಾರೆ.

ಉತ್ತರ: ಅಕ್ಕಾ, ಮೊದಲು ಇದನ್ನು ಅತ್ತೆಯವರಿಗೆ ಓದಿ ಹೇಳಿ. ನಿಮ್ಮ ತಪ್ಪೇನೂ ಇಲ್ಲ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಕರುಳಿನಲ್ಲಿ ಹುಳ ಬೆಳೆಯುತ್ತದೆ. ಅವರು ಬಯಲಿಗೆ ಹೋದರೆ ಹುಳದ ತತ್ತಿ ಮಣ್ಣು, ನೀರು ಸೇರುತ್ತದೆ. ನಾವು ರೊಟ್ಟಿ ಜೊತೆ ಮೆಂತ್ಯ ಸೊಪ್ಪು, ಮೂಲಂಗಿ, ಗಜ್ಜರಿ ಎಲ್ಲ ಹಸಿಯಾಗಿಯೇ ತಿನ್ನುತ್ತೇವೆ ಅಲ್ವಾ? ಗಟಾರದ ನೀರು ಹಾಯಿಸಿ ಬೆಳೆದಿದ್ದರೆ ತತ್ತಿ ಅದರ ಜೊತೆ ಹೊಟ್ಟೆಗೆ ಹೋಗುತ್ತದೆ. ತತ್ತಿಯಿಂದ ಹೊರಬಂದ ಮರಿ ರಕ್ತದಲ್ಲಿ ಹರಿದು ಮಿದುಳಿನಲ್ಲಿ ಕೂರುತ್ತದೆ. ಅದು ಸಾಯುವಾಗ ಸುತ್ತ ಬಾವು ಬಂದು ಫಿಟ್ಸ್ ಆಗುತ್ತದೆ. ಹುಳ ಇರುವವರು ಕೈ ತೊಳೆಯದೆ ಅಡುಗೆ ಮಾಡಿದರೂ ಹೀಗಾಗಬಹುದು. ನ್ಯೂಯಾರ್ಕ್‌ನಲ್ಲಿ ಹಂದಿಯನ್ನು ಮುಟ್ಟದ ಯಹೂದಿ ಮನೆಗಳಲ್ಲೇ ಈ ರೋಗ ಸಿಕ್ಕಿತ್ತು. 1992ರಲ್ಲಿ ಅದರ ವರದಿ ಬಂತು. ಹುಳ ಇರುವ ದೇಶಗಳಿಂದ ಬಂದ ಮನೆಗೆಲಸದವರಿಂದ ಹರಡಿರಬೇಕು ಅಂತ ತಿಳಿಯಿತು.

ಒಂದೇ ಗಂಟಾದರೆ ಸಾಮಾನ್ಯವಾಗಿ ಕರಗಿ ಹೋಗುತ್ತದೆ. ಆದರೆ ಫಿಟ್ಸ್ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸೊಪ್ಪನ್ನು ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಿರಿ, ಗಜ್ಜರಿಯ ಸಿಪ್ಪೆ ತೆಗೆಯಿರಿ. ಬೇಯಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ (ವಿಜಯಪುರ): ಸರ್, ಅಣ್ಣನ ಮಗಳು ಲಂಡನ್‌ನಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತೆ. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಅವಳಿಗೆ ಹೇಗೆ ಬಂತು?

ಉತ್ತರ: ಮೈಯ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ರೋಗ ಇದು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಜಾಸ್ತಿ. ಬಿಸಿಲು, ವಿಟಮಿನ್ ಡಿ ಕಡಿಮೆ ಇರುವುದು ಒಂದು ಕಾರಣ ಇರಬಹುದು. ಎಪ್‌ಸ್ಟೈನ್-ಬಾರ್ ಅನ್ನುವ ಸಾಮಾನ್ಯ ವೈರಸ್‌ನ ಪಾತ್ರವೂ ಇದೆ. ದೊಡ್ಡವರಾದ ಮೇಲೆ ಇಂಗ್ಲೆಂಡಿಗೆ ಹೋದ ನಮ್ಮವರಲ್ಲಿ ಇದು ಕಡಿಮೆ. ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಜಾಸ್ತಿ. ಹಾಗಂತ ಇಲ್ಲಿ ಬರುವುದೇ ಇಲ್ಲ ಅಂತಲ್ಲ. ಒಂದು ಕಣ್ಣು ದಿಢೀರನೆ ಮಂಜಾದರೆ ಅದು ಈ ರೋಗದ ಲಕ್ಷಣ ಇರಬಹುದು, ಸುಮ್ನೆ ಕೂರಬೇಡಿ.

ಮೊದಲು ಕೇಳಿದವರು: ಹಾಗಾದರೆ ಹುಟ್ಟಿದ ವಂಶಕ್ಕೆ ಲೆಕ್ಕವೇ ಇಲ್ವಾ ಡಾಕ್ಟ್ರೇ? ಮಗನಿಗೆ ಫಿಟ್ಸ್ ತಡೆಯಲು ಕಾರ್ಬಮಜೆಪಿನ್ ಗುಳಿಗೆ ಕೊಟ್ಟಿದ್ದಾರೆ.

ಉತ್ತರ: ಲೆಕ್ಕ ಇದೆ ಅಕ್ಕಾ, ಆ ಗುಳಿಗೆಯ ವಿಷಯದಲ್ಲೇ ಇದೆ. ಎಚ್‌ಎಲ್‌ಎ-ಬಿ 1502 ಅನ್ನುವ ಜೀನ್ ಇದ್ದವರಿಗೆ ಅದರಿಂದ ಚರ್ಮ ಸುಲಿದುಹೋಗುವ ಅಪಾಯ ಹೆಚ್ಚು. ಚೀನಾದ ಹಾನ್ ಜನರಲ್ಲಿ, ಥಾಯ್ಲೆಂಡಿನಲ್ಲಿ ಈ ಜೀನ್ ಜಾಸ್ತಿ. ಯುರೋಪಿನವರಲ್ಲಿ ತೀರಾ ಅಪರೂಪ. ನಮ್ಮಲ್ಲೂ ಕೆಲವರಿಗೆ ಇರುತ್ತದೆ. ಬಹಳ ಮಕ್ಕಳಿಗೆ ಏನೂ ಆಗುವುದಿಲ್ಲ, ಹೆದರಬೇಡಿ. ಆದರೆ ಮೊದಲ ಎರಡು ಮೂರು ತಿಂಗಳು ಕಣ್ಣಿಡಿ. ಮೈಮೇಲೆ ಗಂದೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮುಂದಿನ ಗುಳಿಗೆ ಕೊಡುವ ಮೊದಲೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.