ಕಂಬಿ ಲೆಕ್ಕಕ್ಕೆ ಪೈಥಾನ್ ಬೇಕೇ, ಎಕ್ಸೆಲ್ ಸಾಲದೇ?

ಪ್ರಶ್ನೆ (ಯಲಹಂಕದ ಸೈಟ್ ಎಂಜಿನಿಯರ್):
ನೆಲಮಹಡಿಯ ಮೇಲೆ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಕೆಲಸ ನಡೆಯುತ್ತಿದೆ. ಬೀಮ್, ಕಾಲಮ್‌ಗಳ ಕಂಬಿ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುತ್ತೇನೆ. ನಕ್ಷೆ ಬದಲಾದಾಗಲೆಲ್ಲ ಉದ್ದ, ತೂಕಗಳನ್ನು ಮತ್ತೆ ತುಂಬಬೇಕು. ಸೈಟ್ ಮುಗಿದ ಮೇಲೆ ರಾತ್ರಿ ಇದಕ್ಕೇ ಕೂರುತ್ತೇನೆ. ಕಾಲೇಜಿನಲ್ಲಿ ಸಿ ಭಾಷೆಯನ್ನು ಪರೀಕ್ಷೆಗಷ್ಟೇ ಓದಿದ್ದೆ. ಸಾಫ್ಟ್‌ವೇರ್ ಕಂಪನಿಗೆ ಹೋಗುವ ಆಸೆಯಿಲ್ಲ, ಕಟ್ಟುವ ಕೆಲಸವೇ ಇಷ್ಟ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ನನಗೆ ಉಪಯೋಗವಿದೆಯೇ?

ಉತ್ತರ (ಜಯನಗರ, ಸ್ಟ್ರಕ್ಚರಲ್ ವಿನ್ಯಾಸ):
ಖಂಡಿತ ಇದೆ. ಕೋರ್ಸ್ ಹುಡುಕುತ್ತಾ ಕೂರದೆ ನಿಮ್ಮ ಪಟ್ಟಿಯನ್ನೇ ಮುಂದಿಟ್ಟುಕೊಂಡು ಆರಂಭಿಸಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆಯಲ್ಲ, 12 ಮಿ.ಮೀ. ಕಂಬಿಗೆ 0.89, 16ಕ್ಕೆ 1.58. ಅದೇ ನಿಮ್ಮ ಮೊದಲ ಫಂಕ್ಷನ್ (ಒಂದು ಲೆಕ್ಕ ಮಾಡುವ ಪುಟ್ಟ ಪ್ರೋಗ್ರಾಂ) ಆಗಲಿ.

ತೂಕಕ್ಕಷ್ಟೇ ಆದರೆ ಎಕ್ಸೆಲ್ ಸಾಕು. ಎಕ್ಸೆಲ್ ಸೋಲುವುದು ಕತ್ತರಿಸುವ ಲೆಕ್ಕದಲ್ಲಿ. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. 4.6 ಮೀಟರಿನ ಎರಡು ತುಂಡು ತೆಗೆದರೆ 2.8 ಉಳಿದು ಮೂಲೆ ಸೇರುತ್ತದೆ. ಅದೇ ಪಟ್ಟಿಯ ಕೆಳಗೆಲ್ಲೋ 2.8 ಮೀಟರ್ ಬೇಕೆಂದಿದ್ದರೂ ನೂರಾರು ಸಾಲುಗಳ ನಡುವೆ ಯಾರ ಕಣ್ಣಿಗೂ ಬೀಳುವುದಿಲ್ಲ. ಉದ್ದದ ತುಂಡುಗಳನ್ನು ಮೊದಲು ಇಟ್ಟು, ಉಳಿದ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ತುಂಡನ್ನು ಸೇರಿಸುತ್ತಾ ಹೋಗುವ ಪ್ರೋಗ್ರಾಂ ಇಪ್ಪತ್ತು ಮೂವತ್ತು ಸಾಲಿನೊಳಗೆ ಮುಗಿಯುತ್ತದೆ. ಅದು ಪ್ರತಿ ಸಲ ಅತ್ಯುತ್ತಮ ಜೋಡಣೆಯನ್ನೇ ಕೊಡಲಾರದು, ಆದರೂ ಪಟ್ಟಿಯ ಕ್ರಮದಲ್ಲೇ ಕತ್ತರಿಸುವುದಕ್ಕಿಂತ ಎಷ್ಟೋ ಮೇಲು. ಹೀಗೆ ಒಟ್ಟಿಗೆ ಜೋಡಿಸುವ ತುಂಡುಗಳ ವ್ಯಾಸ ಒಂದೇ ಇರಬೇಕು, ಒಂದೇ ಹಂತದ ಕೆಲಸವಾಗಿರಬೇಕು. ಬುನಾದಿಯ ತುಂಡನ್ನು ನಾಲ್ಕನೆಯ ಅಂತಸ್ತಿಗೆಂದು ಮಳೆಯಲ್ಲಿ ಇಟ್ಟುಕೊಂಡು ಕೂರಲಾಗುವುದಿಲ್ಲ.

ಓಪನ್‌ಪೈಎಕ್ಸೆಲ್ ಎಂಬ ಪೈಥಾನ್ ಲೈಬ್ರರಿ (ಸಿದ್ಧ ಕೋಡ್‌ನ ಕಟ್ಟು) ನಿಮ್ಮ ಈಗಿನ ಹಾಳೆಯನ್ನೇ ಓದುತ್ತದೆ. ನಕ್ಷೆ ಬದಲಾದರೆ ಅಳತೆ ತಿದ್ದಿ ಮತ್ತೆ ಓಡಿಸಿದರಾಯಿತು. ಉಕ್ಕು ಪೋಲಾಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಅದಕ್ಕೇ ಇಷ್ಟುದ್ದ ಬರೆದೆ.

ಉತ್ತರ (ಮಲ್ಲೇಶ್ವರ):
ಪೋಲು ಉಳಿಸುವ ಭರದಲ್ಲಿ ಲ್ಯಾಪ್‌ಗಳನ್ನೆಲ್ಲ (ಎರಡು ಕಂಬಿಗಳ ತುದಿ ಅಕ್ಕಪಕ್ಕ ಸೇರುವ ಜಾಗ) ಒಂದೇ ಕಡೆ ತರಬೇಡಿ. ಅವು ಹೆಚ್ಚು ಒತ್ತಡದ ಜಾಗದಿಂದ ಆದಷ್ಟು ದೂರವಿರಬೇಕು, ಹಿಂದುಮುಂದಾಗಿ ಬರಬೇಕು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಪ್ರೋಗ್ರಾಂಗೆ ಅದನ್ನು ನೀವೇ ಹೇಳಿಕೊಡಬೇಕು. ಒಂದು ಬೀಮನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ಹೋಲಿಸಿ. ಬಾಗಿಸುವಾಗ ಕಂಬಿ ಎಷ್ಟು ಉದ್ದವಾಗುತ್ತದೆ ಎಂದು ನಿಮ್ಮ ಕಂಬಿ ಮೇಸ್ತ್ರಿಯನ್ನೂ ಕೇಳಿ.

ಉತ್ತರ (ಕೆಂಗೇರಿ):
ನಾನು ಪೈಥಾನನ್ನು ಮಳೆನೀರು ಚರಂಡಿ ವಿನ್ಯಾಸಕ್ಕೆ ಬಳಸುತ್ತೇನೆ. 10 ಹೆಕ್ಟೇರ್, ಗಂಟೆಗೆ 90 ಮಿ.ಮೀ. ಮಳೆ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು) 0.7 ಎಂದರೆ ಸೆಕೆಂಡಿಗೆ 1.75 ಘನ ಮೀಟರ್. ಖಾಲಿ ನಿವೇಶನಗಳಲ್ಲಿ ಮನೆ ಎದ್ದಂತೆ ಗುಣಾಂಕ ಏರುತ್ತದೆ. ಇಡೀ ಬಡಾವಣೆಗೆ ಅದನ್ನು ಬದಲಿಸಿ ನೋಡಲು ಇದೇ ಸುಲಭ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಲ್ಯಾಪ್‌ಟಾಪ್ ಕಚೇರಿಯದು, ಹೊಸ ಸಾಫ್ಟ್‌ವೇರ್ ಹಾಕಲು ಬಿಡುವುದಿಲ್ಲ. ಏನು ಮಾಡಲಿ?

ಉತ್ತರ (ಜಯನಗರ):
ಪೈಥಾನ್ ಓಡಿಸುವ ಆನ್‌ಲೈನ್ ಸೇವೆ ಗೂಗಲ್ ಕೋಲ್ಯಾಬ್ ಬ್ರೌಸರ್‌ನಲ್ಲೇ ನಡೆಯುತ್ತದೆ. ಯೋಜನೆಯ ಹೆಸರು, ನಕ್ಷೆ ಯಾವುದನ್ನೂ ಅಲ್ಲಿಗೆ ಹಾಕಬೇಡಿ. ವ್ಯಾಸ, ಉದ್ದ, ಸಂಖ್ಯೆ ಈ ಮೂರು ಕಾಲಂ ಸಾಕು.