ವರ್ಷದಲ್ಲಿ 300 ಬೆಡ್‌ಶೀಟ್ ಎಲ್ಲಿಗೆ ಹೋದವು? ದೋಬಿ ಬಿಲ್ಲೂ ಏರುತ್ತಿದೆ

ಲೆಕ್ಕದಪುಸ್ತಕ:
ನಮಸ್ಕಾರ ಎಲ್ಲರಿಗೂ. ದಾವಣಗೆರೆ ಕಡೆ 60 ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿನ್ ನೋಡಿಕೊಳ್ಳುತ್ತೇನೆ. ಹೆರಿಗೆ, ಸರ್ಜರಿ, ಮೂಳೆ ಕೇಸುಗಳೇ ಜಾಸ್ತಿ. ಹೋದ ಯುಗಾದಿ ಹೊತ್ತಿಗೆ ಹಳೆಯದನ್ನೆಲ್ಲ ತೆಗೆದು 300 ಹೊಸ ಬೆಡ್‌ಶೀಟ್ ತರಿಸಿದ್ದೆವು. ಈಗ ವಾರ್ಡಿನಿಂದ ಮತ್ತೆ ಇಂಡೆಂಟ್ (ಬೇಡಿಕೆ ಪಟ್ಟಿ) ಬಂದಿದೆ, ಶೀಟ್ ಸಾಲುತ್ತಿಲ್ಲವಂತೆ. ಮೊನ್ನೆ ಭಾನುವಾರ ಹಾಸಲು ಶೀಟ್ ಇಲ್ಲದೆ ಹೊಸ ಪೇಶಂಟ್ ಒಬ್ಬರನ್ನು ಅರ್ಧ ಗಂಟೆ ವೀಲ್‌ಚೇರಿನಲ್ಲೇ ಕೂರಿಸಿದೆವು, ಅವರ ಮಗ ನನ್ನ ರೂಮಿಗೇ ಬಂದು ಜೋರು ಮಾಡಿ ಹೋದ. ಅವನದೇನೂ ತಪ್ಪಿಲ್ಲ ಬಿಡಿ.

ಒಗೆಯುವುದು ಹೊರಗಿನ ಕಾಂಟ್ರಾಕ್ಟ್, ಕೆಜಿ ಲೆಕ್ಕ. ಪೇಶಂಟ್ ಸಂಖ್ಯೆ ಅಷ್ಟೇ ಇದೆ, ಬಿಲ್ ಮಾತ್ರ ಏರುತ್ತಲೇ ಇದೆ. ನಾವೇ ಮೆಷಿನ್ ಹಾಕೋಣ ಅಂತಾರೆ ಡಾಕ್ಟ್ರು. ನನಗೆ ಕಡಿಮೆ ರೇಟಿನ ಬೇರೆ ದೋಬಿ ನೋಡಿದರೆ ಸಾಕು ಅನಿಸುತ್ತದೆ. ಯೂನಿಫಾರ್ಮಿನದ್ದೂ ಇದೇ ಗೋಳು. ಹೊಸಬರು ಸೇರುತ್ತಾರೆ, ಮೂರು ಜೊತೆ ಹೊಲಿಸಿ ಕೊಡುತ್ತೇವೆ, ಎರಡು ತಿಂಗಳಿಗೆ ಕೆಲಸ ಬಿಟ್ಟು ಬಟ್ಟೆ ಸಮೇತ ಹೋಗುತ್ತಾರೆ. ಇದನ್ನೆಲ್ಲ ಕೈಯಾರೆ ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ರಿಟೈರ್ಡ್ ಸಿಸ್ಟರ್:
ರೇಟು, ಮೆಷಿನ್ ಎರಡನ್ನೂ ಪಕ್ಕಕ್ಕಿಡಿ. ಮೊದಲು ಎಣಿಸಿ.

ಹಾಸಿಗೆಗೆ ಐದು ಸೆಟ್ ಅನ್ನುವುದು ನಾವೆಲ್ಲ ಇಟ್ಟುಕೊಂಡು ಬಂದ ಲೆಕ್ಕ. ಹಾಸಿಗೆ ಮೇಲೆ ಒಂದು, ವಾರ್ಡಿನ ಬೀರುವಿನಲ್ಲಿ ಒಂದು, ದೋಬಿ ಹತ್ತಿರ ಒಂದು, ಇಸ್ತ್ರಿಯಲ್ಲೋ ದಾರಿಯಲ್ಲೋ ಒಂದು, ಭಾನುವಾರ ಹಬ್ಬ ಅಂತ ಸ್ಟೋರಿನಲ್ಲಿ ಒಂದು. 60 ಹಾಸಿಗೆಗೆ 300, ನೀವು ತರಿಸಿದ್ದು ಸರಿಯಾಗಿಯೇ ಇದೆ. ಅಂದ ಮೇಲೆ ಎಲ್ಲೋ ಸೋರುತ್ತಿದೆ.

ಎಲ್ಲಿ ಅಂತ ನಾನು ಹೇಳುತ್ತೇನೆ, 22 ವರ್ಷ ಇದೇ ನೋಡಿದ್ದೇನೆ. ಸೀರಿಯಸ್ ಆದ ಪೇಶಂಟನ್ನು ದೊಡ್ಡಾಸ್ಪತ್ರೆಗೆ ರೆಫರ್ ಮಾಡುತ್ತೀರಲ್ಲ, ಆಗ ಕೆಳಗಿನ ಶೀಟ್ ಹಿಡಿದೇ ನಾಲ್ಕು ಜನ ಎತ್ತಿ ಸ್ಟ್ರೆಚರಿಗೆ ಹಾಕುತ್ತಾರೆ, ಮೇಲೊಂದು ಕಂಬಳಿ ಹೊದಿಸುತ್ತಾರೆ. ಆ ಎರಡೂ ಅಲ್ಲೇ ಉಳಿಯುತ್ತವೆ. ಯಾರೂ ಕದ್ದಿಲ್ಲ, ಯಾರೂ ವಾಪಸ್ ತರುವುದೂ ಇಲ್ಲ. ಆಂಬುಲೆನ್ಸಿಗೇ ಅಂತ ಬೇರೆ ಬಣ್ಣದ ನಾಲ್ಕು ಶೀಟ್ ಇಟ್ಟು ಡ್ರೈವರ್ ಹೆಸರಿಗೆ ಬರೆದುಬಿಡಿ.

ಎರಡನೆಯದು ಬೀರು. ಶೀಟ್ ಸಿಗುವುದಿಲ್ಲ ಅನ್ನುವ ಭಯ ಇರುವ ಕಡೆ ಪ್ರತಿ ಸಿಸ್ಟರೂ ಸ್ವಲ್ಪ ಬಚ್ಚಿಡುತ್ತಾರೆ. ನಾನೂ ಇಟ್ಟಿದ್ದೆ, ಸುಳ್ಳೇಕೆ ಹೇಳಲಿ. ಬಚ್ಚಿಟ್ಟಷ್ಟೂ ಹೊರಗೆ ಕಡಿಮೆಯಾಗುತ್ತದೆ, ಕಡಿಮೆಯಾದಷ್ಟೂ ಇನ್ನೊಬ್ಬರು ಬಚ್ಚಿಡುತ್ತಾರೆ. ಬೈದರೆ ಇನ್ನೂ ಒಳಗೆ ಹೋಗುತ್ತವೆ, ಹಾಗಾಗಿ ಎಣಿಸುವ ದಿನ ಯಾರನ್ನೂ ಬೈಯಬೇಡಿ.

ಮೂರನೆಯದು ಮಡಚಿಡುವ ರೀತಿ. ಒಗೆದು ಬಂದದ್ದನ್ನು ಆಯಾ ಮೇಲೇ ಇಡುತ್ತಾಳೆ, ಮರುದಿನ ಮೇಲಿನದ್ದನ್ನೇ ಎಳೆಯುತ್ತಾಳೆ. ಅದೇ ಇಪ್ಪತ್ತು ಶೀಟ್ ದಿನಾ ಒಗೆಸಿಕೊಂಡು ಹರಿಯುತ್ತವೆ, ಅಡಿಯಲ್ಲಿದ್ದವು ಮಡಿಕೆಯಲ್ಲೇ ಹಳದಿಯಾಗುತ್ತವೆ. ಒಗೆದದ್ದು ಅಡಿಗೆ ಹೋಗಬೇಕು, ಇಷ್ಟೇ.

ದೋಬಿಘಾಟ್ ಹುಡುಗ:
ಸರ್, ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ ಕಸುಬು, ಈಗ ನಾನು ಮೂರು ಆಸ್ಪತ್ರೆಗಳ ಬಟ್ಟೆ ಒಗೆಸುತ್ತೇನೆ. ನೀವು ದೋಬಿ ಬದಲಾಯಿಸುವ ಮುಂಚೆ ಒಂದು ಮಾತು ಕೇಳುತ್ತೇನೆ, ತೂಕ ಯಾವಾಗ ಹಾಕುತ್ತೀರಿ? ಹೋಗುವಾಗಲೋ ಬರುವಾಗಲೋ?

ನಿಮ್ಮಲ್ಲಿ ಆಯಾಗಳು ಎಲ್ಲ ಬಟ್ಟೆಯನ್ನೂ ಹೈಪೋ (ಕ್ಲೋರಿನ್ ಬ್ಲೀಚ್ ನೀರು) ಬಕೆಟ್ಟಿಗೆ ಅದ್ದಿ, ಹಿಂಡಿದ ಹಾಗೆ ಮಾಡಿ ಮೂಟೆ ಕಟ್ಟುತ್ತಿರಬೇಕು. ಕೋವಿಡ್ ಟೈಮಿನಲ್ಲಿ ಶುರುವಾದ ಅಭ್ಯಾಸ, ಬಹಳ ಕಡೆ ಇನ್ನೂ ಬಿಟ್ಟಿಲ್ಲ. ಹಾಗಿದ್ದರೆ ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ. ನಾನು ಹೀಗೆ ಹೇಳಿದರೆ ನನ್ನ ಹೊಟ್ಟೆ ಮೇಲೇ ಹೊಡೆದುಕೊಂಡ ಹಾಗೆ, ಆದರೂ ಹೇಳುತ್ತೇನೆ. ಒಗೆದು ಒಣಗಿ ಬಂದ ಮೇಲೆ ತೂಕ ಹಾಕಿ ಅಂತ ಕರಾರಿನಲ್ಲಿ ಬರೆಸಿ. ಅದಕ್ಕೆ ತಕ್ಕ ಹಾಗೆ ಕೆಜಿಗೆ ಎರಡು ಕಾಸು ಹೆಚ್ಚು ಕೊಡಿ, ಪರವಾಗಿಲ್ಲ. ಬರೀ ರೇಟು ಇಳಿಸಿದರೆ ನಿಮ್ಮ ದೋಬಿ ಸೋಪು ಇಳಿಸುತ್ತಾನೆ, ಬ್ಲೀಚ್ ಏರಿಸುತ್ತಾನೆ. ಬಟ್ಟೆ ಬೆಳ್ಳಗೆ ಕಾಣುತ್ತದೆ, ಆರು ತಿಂಗಳಿಗೆ ಪಿಸಿಯುತ್ತದೆ.

ಇನ್ನೊಂದು. ಹೋದ ತಿಂಗಳು ನಮ್ಮ ಹುಡುಗನೊಬ್ಬನಿಗೆ ಓಟಿ (ಆಪರೇಷನ್ ಥಿಯೇಟರ್) ಟವೆಲಿನೊಳಗಿದ್ದ ಸೂಜಿ ಚುಚ್ಚಿತು. ಟವೆಲ್ ಕ್ಲಿಪ್, ಕತ್ತರಿ, ಒಮ್ಮೆ ಒಂದು ಮೊಬೈಲ್ ಕೂಡ ಬಂದಿದೆ. ಹೆಪಟೈಟಿಸ್ ಬಿ ಲಸಿಕೆ ನಮ್ಮ ಹುಡುಗರಿಗೂ ಹಾಕಿಸಿ ಅಂತ ನಿಮ್ಮ ಡಾಕ್ಟ್ರಿಗೆ ಹೇಳಿ, ದೊಡ್ಡ ಖರ್ಚೇನಲ್ಲ.

ಓಟಿ ಟೆಕ್ನಿಷಿಯನ್:
ಹೈಪೋ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಿಮ್ಮ ಓಟಿ ಬಟ್ಟೆ, ಐಸಿಯು ಶೀಟ್ ಮೇಲೆ ಕಂದು ಕಲೆ ಇವೆಯಾ ನೋಡಿ. ಚಹಾ ಚೆಲ್ಲಿದ ಹಾಗೆ, ಒಗೆದಷ್ಟೂ ಗಾಢ. ನಾವು ಎರಡು ವರ್ಷ ಅದನ್ನು ರಕ್ತದ ಕಲೆ ಅಂದುಕೊಂಡು ಇನ್ನೂ ಜಾಸ್ತಿ ಬ್ಲೀಚ್ ಹಾಕಿಸಿದೆವು. ರಕ್ತ ಅಲ್ಲ ಅದು. ಚರ್ಮಕ್ಕೆ ಹಚ್ಚುವ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ಬಟ್ಟೆಗೆ ಅಂಟಿಕೊಂಡಿರುತ್ತದೆ, ಅದಕ್ಕೆ ಕ್ಲೋರಿನ್ ಬ್ಲೀಚ್ ತಾಗಿದ ಕೂಡಲೇ ಕಂದು ಬಣ್ಣ ಬಂದು ಕೂರುತ್ತದೆ, ಆಮೇಲೆ ಹೋಗುವುದು ಬಹಳ ಕಷ್ಟ. ಗಟ್ಟಿಯಾಗಿದ್ದ ಬಟ್ಟೆಯನ್ನು ಬರೀ ಕಲೆಗೆ ಹೆದರಿ ಕಂಡೆಮ್ ಮಾಡಿದೆವು (ಬಳಕೆಗೆ ಬಾರದ್ದು ಅಂತ ತೆಗೆದುಹಾಕಿದೆವು). ಈಗ ಓಟಿ ಬಟ್ಟೆಗೆ ಕ್ಲೋರಿನ್ ಮುಟ್ಟಿಸುವುದಿಲ್ಲ, ಪೆರಾಕ್ಸೈಡ್ ಇರುವ ಬ್ಲೀಚ್ ಬಳಸುತ್ತೇವೆ.

ನಿಜವಾದ ರಕ್ತಕ್ಕೆ ಮೊದಲು ತಣ್ಣೀರು. ಬಿಸಿನೀರಿಗೆ ನೇರ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ, ಇದು ನಮ್ಮಮ್ಮಂಗೂ ಗೊತ್ತು.

ರಕ್ತ ಆದದ್ದನ್ನು ವಾರ್ಡಿನಲ್ಲಿ ತೊಳೆಯುವುದು ಬೇಡ. ಕೊಡವದೆ ಸುತ್ತಿ ಸೋರದ ಚೀಲಕ್ಕೆ ಹಾಕಿ ಬೇರೆಯಾಗಿ ಕಳಿಸಿ. ಸುಮ್ಮನೆ ಬೆವರು ಹತ್ತಿದ ಶೀಟಿಗೆ ಹೈಪೋ ಏಕೆ? ಮೊದಲು ನಿಮ್ಮ ಇನ್‌ಫೆಕ್ಷನ್ ಕಂಟ್ರೋಲ್ ಕಮಿಟಿಯಲ್ಲಿ ಮಾತಾಡಿ, ಬರಹದಲ್ಲಿ ಮಾಡಿಸಿಕೊಂಡು ಆಮೇಲೆ ನಿಲ್ಲಿಸಿ. ಮತ್ತೆ, ರಕ್ತ ಆಗಿ ಕಂಡೆಮ್ ಆದ ಬಟ್ಟೆ 2016ರ ಬಯೋಮೆಡಿಕಲ್ ವೇಸ್ಟ್ ನಿಯಮದಂತೆ ಹಳದಿ ಚೀಲಕ್ಕೆ ಹೋಗಬೇಕು, ನೆಲ ಒರೆಸುವ ಬಟ್ಟೆಯಾಗಬಾರದು.

ಬಾಯ್ಲರ್ ಬಾಬು:
ಮೆಷಿನ್ ಬಗ್ಗೆ ಎರಡು ಮಾತು, ನಾನು ಮೇಂಟೆನೆನ್ಸ್‌ನವನು. ಡಾಕ್ಟ್ರು ಮೆಷಿನ್ ಬೆಲೆ ಮಾತ್ರ ನೋಡಿರುತ್ತಾರೆ. ಆಸ್ಪತ್ರೆಗೆ ಬೇಕಿರುವುದು ಎರಡು ಬಾಗಿಲಿನದು, ಕೊಳೆ ಒಂದು ಕಡೆ ಹಾಕಿ ಶುಭ್ರದ್ದು ಗೋಡೆಯ ಆಚೆ ತೆಗೆಯುವಂಥದ್ದು. ಬಿಸಿನೀರಿನಲ್ಲಿ ಒಗೆಯುವುದಾದರೆ 71 ಡಿಗ್ರಿಯಲ್ಲಿ 25 ನಿಮಿಷ ಅನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಅಷ್ಟು ನೀರು ಕಾಯಿಸುವ ಸೌದೆ, ಗ್ಯಾಸು, ಕರೆಂಟಿನ ಲೆಕ್ಕ ಹಾಕಿದ್ದೀರಾ? ಡ್ರೈಯರ್, ಇಸ್ತ್ರಿ, ಕೊಳೆನೀರಿಗೆ ಇಟಿಪಿ (ಶುದ್ಧೀಕರಣ ಘಟಕ), ರಜೆ ಹಾಕದ ಇಬ್ಬರು ಆಳು. ಜೊತೆಗೆ ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು ಇದ್ದರೆ ಸಾಫ್ಟ್‌ನರ್ ಇಲ್ಲದೆ ಸೋಪು ಎರಡರಷ್ಟು ತಿನ್ನುತ್ತದೆ, ಬಟ್ಟೆ ಹಪ್ಪಳ ಆಗುತ್ತದೆ. 60 ಹಾಸಿಗೆಗೆ ನಾನಾದರೆ ಹಾಕುವುದಿಲ್ಲ. ಅಕ್ಕಪಕ್ಕದ ಎರಡು ಮೂರು ಆಸ್ಪತ್ರೆ ಸೇರಿ ಹಾಕುವುದಾದರೆ ಕೂತು ಮಾತಾಡಬಹುದು.

ಯೂನಿಫಾರ್ಮಿಗೆ ನಮ್ಮಲ್ಲಿ ಮಾಡಿದ್ದು ಇಷ್ಟು. ಸೇರಿದ ದಿನ ಎರಡು ಜೊತೆ ಮಾತ್ರ, ಅದೂ ರೆಡಿಮೇಡ್ ಸೈಜಿನದು. ಮೂರು ತಿಂಗಳಾದ ಮೇಲೆ ಅಳತೆ ಕೊಟ್ಟು ಹೊಲಿಸಿದ ಮೂರನೆಯ ಜೊತೆ. ಬಿಟ್ಟು ಹೋದವರ ಬಟ್ಟೆ ಒಗೆಸಿದರೆ ಮುಂದಿನವರಿಗಾಗುತ್ತದೆ. ಸಂಬಳದಲ್ಲಿ ಹಿಡಿಯಲು ಹೋಗಬೇಡಿ, ಬಟ್ಟೆಗಿಂತ ಜಗಳ ದುಬಾರಿ.

ಲೆಕ್ಕದಪುಸ್ತಕ: (ಮೂರು ವಾರ ಬಿಟ್ಟು)
ಎಣಿಸಿದೆವು. ಶನಿವಾರ ರಾತ್ರಿ ಹತ್ತಕ್ಕೆ, ಎಲ್ಲ ವಾರ್ಡೂ ಒಟ್ಟಿಗೆ. ಹಾಸಿಗೆ ಮೇಲೆ 44, ದೋಬಿ ಹತ್ತಿರ 61, ವಾರ್ಡ್ ಬೀರುಗಳಲ್ಲಿ 38. ಓಟಿ ಹಿಂದಿನ ಅಲ್ಮೇರಾದಲ್ಲಿ ಪ್ಯಾಕೆಟ್ ಕೂಡ ಒಡೆಯದ 31! ಡ್ಯೂಟಿ ರೂಮುಗಳಲ್ಲಿ 14, ಎಕ್ಸ್‌ರೇ ರೂಮಿನಲ್ಲಿ ಪರದೆಯಾಗಿ 2, ನೆಲ ಒರೆಸಲು ಹರಿದದ್ದು ಅಂದಾಜು 19. ಒಟ್ಟು 209. ಉಳಿದ 91 ಇಲ್ಲ. ರೆಫರಲ್ ರಿಜಿಸ್ಟರ್ ತೆಗೆದರೆ ವರ್ಷಕ್ಕೆ 52 ಜನರನ್ನು ಕಳಿಸಿದ್ದೇವೆ. ಸಿಸ್ಟರ್, ನೀವು ನಮ್ಮಲ್ಲೇ ಕೆಲಸ ಮಾಡಿದ್ದಿರಾ?

ತೂಕವನ್ನೂ ಹಾಕಿದೆ. ಒಂದು ದಿನ 86 ಕೆಜಿ ಹೋಗಿದ್ದು 63 ಕೆಜಿಯಾಗಿ ಬಂತು, ಪೀಸು ಎಣಿಸಿದರೆ ಒಂದೂ ಕಡಿಮೆ ಇಲ್ಲ. 23 ಕೆಜಿ ನೀರು! ಕಮಿಟಿಯಲ್ಲಿ ಕೂತು ಹೈಪೋ ಬಕೆಟ್ ತೆಗೆಸಿದ್ದೇವೆ. ನಮ್ಮ ದೋಬಿ ಒಣ ತೂಕಕ್ಕೆ ಒಪ್ಪಿದ್ದಾರೆ, ರೇಟು ಸ್ವಲ್ಪ ಏರಿಸಿ ಅಂದರು, ಏರಿಸಿದೆ. ಹೊಸ ಇಂಡೆಂಟ್ 300 ಇದ್ದದ್ದು 100ಕ್ಕೆ ಇಳಿದಿದೆ. ಮೆಷಿನ್ ಮಾತು ಡಾಕ್ಟ್ರು ಸದ್ಯಕ್ಕೆ ಎತ್ತಿಲ್ಲ.

ಈಗ ಶೀಟಿಗೆ ಗುರುತು ಹಾಕಬೇಕು. ಮಾರ್ಕರ್ ಇಂಕು ನಾಲ್ಕು ಒಗೆತಕ್ಕೆ ಹೋಗುತ್ತಿದೆ. ಏನು ಮಾಡುವುದು?

ದೋಬಿಘಾಟ್ ಹುಡುಗ:
ನಮ್ಮಜ್ಜ ಕರಿಗೇರು ಕಾಯಿ ರಸದಲ್ಲಿ ಚುಕ್ಕೆ ಇಡುತ್ತಿದ್ದರು ಸರ್, ಬಟ್ಟೆ ಹರಿದರೂ ಆ ಗುರುತು ಹೋಗುತ್ತಿರಲಿಲ್ಲ. ಆದರೆ ಆ ರಸ ತಾಗಿದರೆ ಮೈ ಗುಳ್ಳೆ ಏಳುತ್ತದೆ, ಪೇಶಂಟ್ ಹಾಸಿಗೆಗೆ ಬೇಡವೇ ಬೇಡ. ಮೂಲೆಯಲ್ಲಿ ಬಣ್ಣದ ದಾರದಲ್ಲಿ ಹೊಲಿಸಿ. ವಾರ್ಡಿಗೊಂದು ಬಣ್ಣ, ಪಕ್ಕದಲ್ಲಿ ತಂದ ತಿಂಗಳು ವರ್ಷ. ಕಾಲಿನ ಕಡೆ ಮೂಲೆಗೆ ಹಾಕಿಸಿ, ತಲೆ ಕಡೆ ಹಾಕಿದರೆ ಕೆನ್ನೆಗೆ ಚುಚ್ಚುತ್ತದೆ ಅಂತ ಪೇಶಂಟ್ ಬೈಯುತ್ತಾರೆ.